ಕೈಗಿಂತ ಮೊದಲು ತುಕ್ಕು ಹಿಡಿಯುವುದು ಕಣ್ಣಿಗೆ

ಯಂತ್ರಕ್ಕೇ ಒಗ್ಗಿಹೋದ ಪೈಲಟ್‌ಗಳ ಕೈಗೆ ತುಕ್ಕು ಹಿಡಿಯದಿರಲಿ ಎಂದು ‘ವಾರಕ್ಕೊಮ್ಮೆ ಆಟೋಪೈಲಟ್ ತೆಗೆದು ಹಾರಿಸಿ’ ಎನ್ನುವುದುಂಟು. ಅಷ್ಟು ಸಾಕೇ? 1990ರ ಫೆಬ್ರುವರಿ 14ರಂದು ಬೊಂಬಾಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ 605 ವಿಮಾನ ಬೆಂಗಳೂರಿನ ಎಚ್‌ಎಎಲ್ ರನ್‌ವೇ ತಲುಪುವ ಮೊದಲೇ ಗಾಲ್ಫ್ ಮೈದಾನಕ್ಕೆ ಬಡಿಯಿತು. ಅದರಲ್ಲಿದ್ದ 146 ಜನರಲ್ಲಿ 92 ಮಂದಿ ಸತ್ತರು. ವಿಮಾನ ಹೊಸ ಏರ್‌ಬಸ್ ಎ320. ಎಂಜಿನ್ ಕೆಟ್ಟಿರಲಿಲ್ಲ.

ತನಿಖೆ ಕಂಡುಕೊಂಡ ಅತಿ ಸಂಭವನೀಯ ಕಾರಣ ಒಂದು ಗುಂಡಿ. ನಿಮಿಷಕ್ಕೆ 700 ಅಡಿಯಂತೆ ಇಳಿಯಲು ಹೇಳಬೇಕಿದ್ದ ಪೈಲಟ್, ಹತ್ತಿರದಲ್ಲೇ ಇದ್ದ ಗುಂಡಿ ತಿರುಗಿಸಿ 700 ಅಡಿ ಎತ್ತರವನ್ನೇ ಇಟ್ಟಿರಬೇಕು. ಬೆಂಗಳೂರಿನ ನೆಲವೇ ಸಮುದ್ರಮಟ್ಟದಿಂದ ಸುಮಾರು 2,900 ಅಡಿ ಮೇಲಿದೆ! ಇನ್ನೂ ಬಹಳ ಇಳಿಯಬೇಕೆಂದು ತಿಳಿದ ಯಂತ್ರ ‘ಓಪನ್ ಡಿಸೆಂಟ್’ ಮೋಡ್‌ಗೆ ಹೋಗಿ ಎಂಜಿನ್‌ಗಳನ್ನು ಐಡಲ್‌ಗೆ, ಅಂದರೆ ಕನಿಷ್ಠ ಬಲಕ್ಕೆ, ಇಳಿಸಿತು. ಆ ಮೋಡ್‌ನಲ್ಲಿ ವೇಗ ಕಾಯುವುದು ವಿಮಾನದ ಮೂಗು, ಎಂಜಿನ್ ಅಲ್ಲ. ಮೂಗು ಎತ್ತಿದರೆ ವೇಗ ಸೋರಿಹೋಗುತ್ತದೆ. 132 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಇರಬೇಕಿದ್ದದ್ದು 106ಕ್ಕೆ ಕುಸಿಯಿತು. ಮೂಗು ಎತ್ತ ತಿರುಗಿಸಬೇಕೆಂದು ಪರದೆಯ ಮೇಲೆ ಪಟ್ಟಿಯಲ್ಲಿ ತೋರಿಸುವ ಫ್ಲೈಟ್ ಡೈರೆಕ್ಟರ್ ಪೈಲಟ್‌ಗಳಿಬ್ಬರಿಗೂ ಒಂದೊಂದಿದೆ. ಎರಡೂ ಆಫ್ ಆಗಿದ್ದರೆ, ಎಂಜಿನ್ ಬಲವನ್ನು ತಾನೇ ಹೊಂದಿಸುವ ಆಟೋಥ್ರಸ್ಟ್ ವೇಗವನ್ನು ಹಿಡಿದುಕೊಳ್ಳುತ್ತಿತ್ತು. ಒಂದು ಆಫ್ ಆಗಿತ್ತು, ಇನ್ನೊಂದು ಆಗಿರಲಿಲ್ಲ. ಐಡಲ್‌ನಲ್ಲಿರುವ ಜೆಟ್ ಎಂಜಿನ್ ಪೂರ್ಣ ಬಲಕ್ಕೆ ಬರಲು ಕೆಲವು ಸೆಕೆಂಡು ಬೇಕು. ಅಷ್ಟರಲ್ಲಿ ನೆಲ ಬಂದಿತ್ತು.

23 ವರ್ಷಗಳ ನಂತರ, 2013ರ ಜುಲೈ 6ರಂದು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಏಷಿಯಾನಾ 214. ಬೋಯಿಂಗ್ 777, ಬೇರೆ ಕಂಪನಿಯ ಬೇರೆ ಯಂತ್ರ, ಆದರೆ ಬಲೆ ಅದೇ. ಪೈಲಟ್ ಆಟೋಪೈಲಟ್ ತೆಗೆದು ಕೈಯಲ್ಲೇ ಹಾರಿಸುತ್ತಿದ್ದರು. ಬಲ ಹೊಂದಿಸುವುದನ್ನು ಬಿಟ್ಟು ‘ಹೋಲ್ಡ್’ಗೆ ಹೋಗಿದ್ದ ಆಟೋಥ್ರಾಟಲ್ (ಬೋಯಿಂಗ್‌ನ ಆಟೋಥ್ರಸ್ಟ್) ವೇಗ ನೋಡಿಕೊಳ್ಳುತ್ತಿದೆ ಎಂದೇ ನಂಬಿದ್ದರು. 137 ನಾಟ್ ಇರಬೇಕಾದಲ್ಲಿ 103 ಆಯಿತು. ಮೂವರು ಸತ್ತರು.

ಹಾಗಾಗಿ ‘ವಾರಕ್ಕೊಮ್ಮೆ ಆಟೋಪೈಲಟ್ ತೆಗೆದು ಹಾರಿಸಿ’ ಎಂಬ ಆ ಸಲಹೆ ಅರ್ಧ ಮದ್ದು. ಫ್ಲೈಟ್ ಡೈರೆಕ್ಟರ್ ತೋರಿಸುವ ಪಟ್ಟಿಯನ್ನೇ ಹಿಂಬಾಲಿಸಿದರೆ ಕೈ ಆಡುತ್ತದೆ, ಲೆಕ್ಕ ಹಾಕುವುದು ಯಂತ್ರವೇ. ಕಣ್ಣು ವೇಗ, ಮೂಗಿನ ಕೋನ, ಎಂಜಿನ್ ಬಲಗಳ ನಡುವೆ ಸುತ್ತುವ ಅಭ್ಯಾಸ ಉಳಿಯಬೇಕಾದರೆ ಆಟೋಥ್ರಸ್ಟನ್ನೂ ತೆಗೆಯಬೇಕು.

ಎ320ಯಲ್ಲಿ ಅದಕ್ಕೊಂದು ಕ್ರಮವಿದೆ. ಎಂಜಿನ್ ಬಲದ ಥ್ರಸ್ಟ್ ಲಿವರ್‌ಗಳು ಟೇಕಾಫ್ ಆದಮೇಲೆ ಇಳಿಯುವವರೆಗೂ ‘ಕ್ಲೈಂಬ್’ ಗುರುತಿನಲ್ಲೇ ನಿಂತಿರುತ್ತವೆ, ಬೋಯಿಂಗ್‌ನಲ್ಲಿದ್ದಂತೆ ತಾವಾಗಿ ಚಲಿಸುವುದಿಲ್ಲ. ಮೊದಲು ಅವನ್ನು ಹಿಂದಕ್ಕೆಳೆದು, ಎಂಜಿನ್ ಫ್ಯಾನ್ ತಿರುಗುವ ವೇಗ ತೋರಿಸುವ ಎನ್1 ಮಾಪಕದ ಮೇಲಿನ ಪುಟ್ಟ ವೃತ್ತವನ್ನು ಈಗಿನ ಬಲಕ್ಕೆ ಹೊಂದಿಸಿ, ಆಮೇಲೆ ಲಿವರ್‌ನ ಪಕ್ಕದ ಗುಂಡಿ ಒತ್ತಬೇಕು. ಹೊಂದಿಸದೆ ಒತ್ತಿದರೆ, ಬಲ ಕೂಡಲೇ ಲಿವರ್ ಇರುವ ಜಾಗಕ್ಕೆ, ಅಂದರೆ ‘ಕ್ಲೈಂಬ್’ಗೆ, ಜಿಗಿಯುತ್ತದೆ. ಮುಂದಿನ ಲೆಕ್ಕ ಬಾಯಿಲೆಕ್ಕ: 3 ಡಿಗ್ರಿ ಇಳಿಜಾರಿನಲ್ಲಿ ನೆಲದ ಮೇಲಿನ ವೇಗವನ್ನು 5ರಿಂದ ಗುಣಿಸಿ, 140 ನಾಟ್‌ಗೆ ನಿಮಿಷಕ್ಕೆ 700 ಅಡಿ. (ಬೆಂಗಳೂರಿನ ಆ 700 ಇದೇ.)

ಇದಕ್ಕೆ ಹಗಲು, ತಿಳಿಯಾದ ಹವೆ, ವಿರಳ ಸಂಚಾರ ಬೇಕು. ರೇಡಿಯೊ ಬಿಡುವಿಲ್ಲದೆ ಮಾತಾಡುತ್ತಿರುವಾಗ ಮಾಡಿದರೆ ಪಕ್ಕದ ಪೈಲಟ್‌ನ ಹೊರೆ ಇಮ್ಮಡಿ. 29,000ದಿಂದ 41,000 ಅಡಿಯವರೆಗೆ ವಿಮಾನಗಳ ನಡುವಿನ ಎತ್ತರದ ಅಂತರ ಬರೀ 1,000 ಅಡಿ. ಅಲ್ಲಿ ಆಟೋಪೈಲಟ್ ಎತ್ತರ ಹಿಡಿದಿರಲೇಬೇಕು, ಅಭ್ಯಾಸಕ್ಕೆ ಜಾಗವಿಲ್ಲ. 2009ರಲ್ಲಿ ಏರ್ ಫ್ರಾನ್ಸ್ 447ರ ಆಟೋಪೈಲಟ್ ಕೈಬಿಟ್ಟದ್ದು 35,000 ಅಡಿಯಲ್ಲಿ, ವೇಗ ಅಳೆಯುವ ಪಿಟೊ ಕೊಳವೆಗಳಿಗೆ ಹಿಮ ಕಟ್ಟಿದಾಗ. 10,000 ಅಡಿಗಿಂತ ಮೇಲೆ ವೇಗದ ಅಳತೆ ಕೆಟ್ಟರೆ ಬಾಯಿಪಾಠವಾಗಿರಬೇಕಾದದ್ದು ಮೂಗು 5 ಡಿಗ್ರಿ, ಬಲ ‘ಕ್ಲೈಂಬ್’. ಪೈಲಟ್ ಮೂಗು ಅದಕ್ಕಿಂತ ಬಹಳ ಮೇಲೆತ್ತಿದರು. ವಿಮಾನ ಸುಮಾರು 38,000 ಅಡಿಗೇರಿ ಸ್ಟಾಲ್ ಆಯಿತು, ಅಂದರೆ ರೆಕ್ಕೆಗಳು ಎತ್ತಿಹಿಡಿಯುವ ಬಲ ಕಳೆದುಕೊಂಡವು. ವೇಗದ ಅಳತೆ 60 ನಾಟ್‌ಗಿಂತ ಕೆಳಗಿಳಿದಾಗ ಸ್ಟಾಲ್ ಎಚ್ಚರಿಕೆ ತಾನೇ ನಿಂತಿತು, ಮೂಗು ತಗ್ಗಿಸಿದಾಗ ಮತ್ತೆ ಕೂಗಿತು. ಸರಿಯಾದದ್ದನ್ನು ಮಾಡಿದಾಗಲೇ ಗದರಿಸುವ ಯಂತ್ರ. ಅಂಥದ್ದನ್ನು ಕಲಿಸಲು ಸಿಮ್ಯುಲೇಟರ್ ಬಿಟ್ಟರೆ ಬೇರೆ ಜಾಗವಿಲ್ಲ.