ಟೆಹರಾನ್‌ನ ಒತ್ತೆಯಾಳುಗಳಿಗಾಗಿ ಅಮೆರಿಕ ಯುದ್ಧಕ್ಕೆ ಇಳಿದಿದ್ದರೆ?

ಓದುಗರ ಪ್ರಶ್ನೆ: 1979ರಲ್ಲಿ ಇರಾನಿನವರು ಅಮೆರಿಕದ ರಾಯಭಾರ ಕಚೇರಿಯವರನ್ನು 444 ದಿನ ಒತ್ತೆ ಇಟ್ಟುಕೊಂಡರು. ಅಷ್ಟಾದರೂ ಅಮೆರಿಕ ಯುದ್ಧಕ್ಕೆ ಹೋಗಲಿಲ್ಲ. ಆಗಿನ ಅಧ್ಯಕ್ಷ ಕಾರ್ಟರ್ ಮೆತ್ತಗಿನ ಮನುಷ್ಯ, ಅದಕ್ಕೇ ಹೀಗಾಯಿತು ಅನ್ನುತ್ತಾರೆ. ಮೊದಲ ವಾರವೇ ಬಾಂಬು ಹಾಕಿದ್ದರೆ ಅವರೆಲ್ಲ ಬೇಗ ಮನೆ ಸೇರುತ್ತಿರಲಿಲ್ಲವೇ?

ಇಲ್ಲ. ಬಹುಪಾಲು ಜನ ಹೆಣವಾಗಿ ಮನೆ ಸೇರುತ್ತಿದ್ದರು ಎಂದೇ ನನ್ನ ನಂಬಿಕೆ. ಆದರೆ ಯುದ್ಧ ಆಗುವ ಸಾಧ್ಯತೆ ಇರಲೇ ಇಲ್ಲ ಅನ್ನುವುದೂ ತಪ್ಪು. ಅದು ಎರಡು ಸಲ ಬಾಗಿಲಿಗೇ ಬಂದು ನಿಂತಿತ್ತು.

ಹಿನ್ನೆಲೆ ಚುಟುಕಾಗಿ ಹೇಳುತ್ತೇನೆ. ಕ್ರಾಂತಿಗೆ ಹೆದರಿ ದೇಶ ಬಿಟ್ಟು ಓಡಿದ್ದ ಇರಾನಿನ ದೊರೆ ಷಾನನ್ನು ಕ್ಯಾನ್ಸರ್ ಚಿಕಿತ್ಸೆಗೆಂದು ಅಕ್ಟೋಬರ್ 22ರಂದು ನ್ಯೂಯಾರ್ಕಿಗೆ ಕರೆಸಿಕೊಂಡರು. ನವೆಂಬರ್ 4ರಂದು ವಿದ್ಯಾರ್ಥಿಗಳ ಗುಂಪು ಟೆಹರಾನಿನ ರಾಯಭಾರ ಕಚೇರಿಗೆ ನುಗ್ಗಿತು. ಕ್ರಾಂತಿಯ ನಾಯಕ ಖೊಮೇನಿ ಆ ವಿದ್ಯಾರ್ಥಿಗಳ ಬೆನ್ನಿಗೆ ನಿಂತರು, ಪ್ರಧಾನಿ ಬಜಾರ್ಗನ್ ಎರಡೇ ದಿನದಲ್ಲಿ ರಾಜೀನಾಮೆ ಕೊಟ್ಟರು. ಕೆಲವರನ್ನು ಬಿಟ್ಟ ಮೇಲೆ ಕೊನೆಯವರೆಗೂ ಸೆರೆಯಲ್ಲಿ ಉಳಿದವರು 52 ಮಂದಿ.

ಒತ್ತೆಯಾಳು ಬದುಕಿರುವ ತನಕ ಮಾತ್ರ ಗುರಾಣಿ. ಇದು ಎರಡೂ ಕಡೆಯವರಿಗೆ ಗೊತ್ತಿತ್ತು. ನವೆಂಬರ್ ಕೊನೆಯಲ್ಲೇ ಕಾರ್ಟರ್ ಗುಟ್ಟಾಗಿ ಎಚ್ಚರಿಕೆ ಕಳಿಸಿದ್ದರು: ವಿಚಾರಣೆಯ ನಾಟಕ ನಡೆಸಿದರೆ ನಿಮ್ಮ ವ್ಯಾಪಾರ ಕಟ್ಟುತ್ತೇವೆ, ಒಬ್ಬರಿಗೆ ಹಾನಿಯಾದರೂ ನೇರವಾಗಿ ಹೊಡೆಯುತ್ತೇವೆ. ಕಿಟಿ ಹಾಕ್ ವಿಮಾನವಾಹಕ ನೌಕೆ ಅರಬ್ಬೀ ಸಮುದ್ರದ ಕಡೆ ತಿರುಗಿತು. ಮೆತ್ತಗಿನ ಮನುಷ್ಯನ ಮಾತಲ್ಲ ಇದು.

ಈ ಎಚ್ಚರಿಕೆ ತಲೆಯಲ್ಲಿಟ್ಟುಕೊಂಡು 1980ರ ಫೆಬ್ರವರಿ ಆರಂಭದ ಒಂದು ರಾತ್ರಿಯನ್ನು ನೋಡಿ. ಮುಸುಕು ಹಾಕಿದ ಕಾವಲುಗಾರರು ನಿದ್ದೆಯಲ್ಲಿದ್ದವರನ್ನು ಎಬ್ಬಿಸಿದರು. ಕಣ್ಣಿಗೆ ಪಟ್ಟಿ ಕಟ್ಟಿ ಬೇರೆ ಕೋಣೆಗೆ ನಡೆಸಿದರು, ಮೈಮೇಲಿನ ಬಟ್ಟೆ ಬಿಚ್ಚಿಸಿದರು. ಬೆನ್ನ ಹಿಂದೆ ಬಂದೂಕು ಸಜ್ಜು ಮಾಡುವ ಸದ್ದು. ಕ್ಷಣಗಳು ಕಳೆದವು, ಗುಂಡು ಬರಲಿಲ್ಲ. ಬಟ್ಟೆ ಹಾಕಿಕೊಳ್ಳಿ ಎಂದು ವಾಪಸು ಕಳಿಸಿದರು. ಹೆದರಿಸಲೆಂದೇ ಆಡಿದ ಅಣಕು ಮರಣದಂಡನೆ ಅದು. ಇಪ್ಪತ್ತು ದಾಟಿದ ಹುಡುಗನೊಬ್ಬನ ಬೆರಳು ಕತ್ತಲಲ್ಲಿ ಜಾರಿದ್ದರೆ ಇಂದಿನ ಪಶ್ಚಿಮ ಏಷ್ಯಾದ ನಕ್ಷೆಯನ್ನು ನಾವು ಬೇರೆಯಾಗಿಯೇ ಓದುತ್ತಿದ್ದೆವು.

ಹಾಗಾಗಿದ್ದರೆ? ಮೊದಲ ಹೊಡೆತ ಟೆಹರಾನಿಗಲ್ಲ, ಬಂದರುಗಳಿಗೆ. ಇರಾನಿನ ಕಚ್ಚಾತೈಲದ ಬಹುಪಾಲು ಹಡಗು ಹತ್ತುತ್ತಿದ್ದುದು ಖಾರ್ಗ್ ದ್ವೀಪದಲ್ಲಿ. ಅದರ ಸುತ್ತ ನೀರಿನಲ್ಲಿ ಮೈನು, ಅಂದರೆ ಹಡಗು ಬಂದರೆ ಸಿಡಿಯುವ ಬಾಂಬು, ಬಿತ್ತಿದರೆ ಹೆಚ್ಚು ಹೆಣ ಬೀಳದೆ ದೇಶದ ಉಸಿರು ಕಟ್ಟುತ್ತದೆ, ಇದು ಅಮೆರಿಕದ ಅಧಿಕಾರಿಗಳು ಗಂಭೀರವಾಗಿ ತೂಗಿ ನೋಡಿದ್ದ ದಾರಿ. ಇರಾನ್ ಸುಮ್ಮನಿರುತ್ತಿರಲಿಲ್ಲ. ಕೊಲ್ಲಿಯ ತೈಲ ಹಡಗುಗಳು ಹೊರಬರುವ ಹಾರ್ಮುಜ್ ಜಲಸಂಧಿ ಇಕ್ಕಟ್ಟಾದ ಕಡೆ ಸುಮಾರು 33 ಕಿಲೋಮೀಟರ್ ಅಷ್ಟೇ. ಅಲ್ಲಿ ಒಂದೆರಡು ಟ್ಯಾಂಕರ್ ಹೊತ್ತಿ ಉರಿದರೂ ಸಾಕು, ವಿಮೆ ಇಲ್ಲದೆ ಉಳಿದ ಹಡಗುಗಳು ಬಂದರು ಬಿಡುವುದಿಲ್ಲ. ಆಕಾಶದಲ್ಲಿ ಇನ್ನೂ ವಿಚಿತ್ರ. ಷಾ ಕಾಲದಲ್ಲಿ ಅಮೆರಿಕವೇ ಮಾರಿದ 79 ಎಫ್-14 ಯುದ್ಧವಿಮಾನಗಳು ಇರಾನಿನ ಬಳಿ ಇದ್ದವು. ತಾನೇ ತರಬೇತಿ ಕೊಟ್ಟ ಪೈಲಟುಗಳ ಜೊತೆ ಅಮೆರಿಕ ಕಾದಾಡಬೇಕಿತ್ತು.

ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುವುದು ಉತ್ತರದ ಗಡಿ. 1979ರ ಡಿಸೆಂಬರ್ ಕೊನೆಗೆ ಸೋವಿಯತ್ ಸೇನೆ ಅಫ್ಘಾನಿಸ್ತಾನದೊಳಗೆ ಬಂದಾಗಿತ್ತು. 1921ರ ಹಳೆಯ ಒಪ್ಪಂದವೊಂದರ ಪ್ರಕಾರ, ಮೂರನೆಯವರು ಇರಾನ್ ನೆಲವನ್ನು ರಷ್ಯಾದ ವಿರುದ್ಧ ಬಳಸಿದರೆ ಸೋವಿಯತ್ ಸೇನೆ ಒಳಗೆ ಬರಬಹುದಿತ್ತು. ಆ ಕಲಮುಗಳು ರದ್ದು ಎಂದು ಇರಾನ್ 1979ರ ನವೆಂಬರಿನಲ್ಲಿ ಸಾರಿದ್ದೇನೋ ನಿಜ, ಆದರೆ ನೆಪ ಬೇಕಾದವನಿಗೆ ಹರಿದ ಕಾಗದವೂ ಸಾಕು. ಕೊಲ್ಲಿಯನ್ನು ಹಿಡಿಯಲು ಹೊರಗಿನವರು ಬಂದರೆ ಸೇನಾಬಲದಿಂದಲೇ ತಡೆಯುತ್ತೇವೆ ಎಂದು ಕಾರ್ಟರ್ 1980ರ ಜನವರಿ 23ರಂದು ಬಹಿರಂಗವಾಗಿ ಹೇಳಿದ್ದರು. 52 ಜನರ ಹೆಸರಿನಲ್ಲಿ ಹೊತ್ತಿದ ಕಿಡಿ ಎರಡು ಅಣ್ವಸ್ತ್ರ ದೇಶಗಳ ನಡುವೆ ಬೀಳುತ್ತಿತ್ತು.

ಎರಡನೆಯ ಸಲ ಯುದ್ಧ ಬಾಗಿಲಿಗೆ ಬಂದದ್ದು ಏಪ್ರಿಲ್ 24ರ ರಾತ್ರಿ. ಒತ್ತೆಯಾಳುಗಳನ್ನು ಗುಟ್ಟಾಗಿ ಬಿಡಿಸಿ ತರಲು ಅಮೆರಿಕದ ನಿಮಿಟ್ಜ್ ನೌಕೆಯಿಂದ ಎಂಟು ಹೆಲಿಕಾಪ್ಟರ್ ಹೊರಟವು. ದೂಳಿನ ಮೋಡ ದಾಟಿ ತಬಸ್ ಬಳಿಯ ಮರುಭೂಮಿಗೆ ಬಂದು ಸೇರಿದ್ದು ಆರು. ಅದರಲ್ಲೂ ಒಂದರ ಹೈಡ್ರಾಲಿಕ್ ಕೈಕೊಟ್ಟಿತ್ತು. ಕಡಿಮೆಯೆಂದರೂ ಆರು ಬೇಕಿತ್ತು, ಹಾಗಾಗಿ ಕೈಬಿಟ್ಟರು. ಯಾರೂ ಓಡಾಡುವುದಿಲ್ಲ ಎಂದುಕೊಂಡಿದ್ದ ಆ ದಾರಿಯಲ್ಲಿ ನಲವತ್ತಕ್ಕೂ ಹೆಚ್ಚು ಪ್ರಯಾಣಿಕರಿದ್ದ ಬಸ್ಸೊಂದು ಬಂದು ಸಿಕ್ಕಿಬಿತ್ತು. ಅದೇ ದಾರಿಯಲ್ಲಿ ಬಂದು ಅಮೆರಿಕದ ಸೈನಿಕರ ಹೊಡೆತಕ್ಕೆ ಸ್ಫೋಟಿಸಿದ ಇಂಧನ ಲಾರಿಯ ಬೆಂಕಿ ಮರಳನ್ನೆಲ್ಲ ಬೆಳಗುತ್ತಿತ್ತು. ವಾಪಸು ಹೊರಡುವಾಗ ಹೆಲಿಕಾಪ್ಟರ್ ಒಂದು ವಿಮಾನಕ್ಕೆ ಬಡಿದು 8 ಸೈನಿಕರು ಸತ್ತರು.

ಇದನ್ನು ಎಲ್ಲರೂ ಸೋಲು ಅನ್ನುತ್ತಾರೆ. ನಾನು ಬೇರೆ ರೀತಿ ನೋಡುತ್ತೇನೆ. ಆರನೆಯ ಹೆಲಿಕಾಪ್ಟರ್ ಸರಿಯಿದ್ದಿದ್ದರೆ ಮರುದಿನ ರಾತ್ರಿ ಕಮಾಂಡೋಗಳು ಲಾರಿಗಳಲ್ಲಿ ಟೆಹರಾನ್ ಹೊಕ್ಕು, ರಾಯಭಾರ ಕಚೇರಿಯ ಗೋಡೆ ಹಾರಿ, ರಸ್ತೆಯಾಚೆಯ ಫುಟ್‌ಬಾಲ್ ಸ್ಟೇಡಿಯಮ್ಮಿಗೆ ಎಲ್ಲರನ್ನೂ ಕರೆತರಬೇಕಿತ್ತು. ನಗರದ ಮೇಲೆ ಫಿರಂಗಿ ಹೊತ್ತ ವಿಮಾನಗಳು ಸುತ್ತುತ್ತಿರುತ್ತಿದ್ದವು. ಲಕ್ಷಾಂತರ ಜನರ ಊರು ಅದು. ಬೀದಿಗೆ ಇಳಿದ ಗುಂಪಿನ ಮೇಲೆ ಆ ಫಿರಂಗಿ ಹಾರಿದ್ದರೆ, ಒತ್ತೆಯಾಳುಗಳು ಹೊರಬಂದಿದ್ದರೂ ಯುದ್ಧ ನಿಲ್ಲುತ್ತಿರಲಿಲ್ಲ. ವಿದೇಶಾಂಗ ಕಾರ್ಯದರ್ಶಿ ಸೈರಸ್ ವ್ಯಾನ್ಸ್ ಅದನ್ನೇ ಹೇಳಿದ್ದು: ಇವರನ್ನು ಬಿಡಿಸಿಕೊಂಡರೂ ಟೆಹರಾನಿನಲ್ಲಿ ಉಳಿದ ಬೇರೆ ಅಮೆರಿಕನ್ನರನ್ನು ಹಿಡಿಯುತ್ತಾರೆ. ಮಾತು ನಡೆಯಲಿಲ್ಲ. ಫಲಿತಾಂಶ ಏನೇ ಇರಲಿ ಎಂದು ಮೊದಲೇ ರಾಜೀನಾಮೆ ಪತ್ರ ಕೊಟ್ಟಿದ್ದರು. ಆ ಮನುಷ್ಯನ ಬಗ್ಗೆ ನನಗೆ ದೊಡ್ಡ ಗೌರವವಿದೆ.

ಇದರ ಬಿಸಿ ನಮ್ಮ ಚಿಕ್ಕಮಗಳೂರಿನ ಮಲೆಗೂ ತಟ್ಟಿತ್ತು ಎಂಬುದು ಇಂದು ಅನೇಕರಿಗೆ ಮರೆತಿದೆ. ಕುದುರೆಮುಖದ ಅದಿರು ಯೋಜನೆ ಹುಟ್ಟಿದ್ದೇ ಇರಾನಿನ ಉಕ್ಕಿಗಾಗಿ. ಷಾ ಸರ್ಕಾರ 63 ಕೋಟಿ ಡಾಲರ್ ಸಾಲ ಒಪ್ಪಿತ್ತು, ಕೈಗೆ ಬಂದದ್ದು 25.5 ಕೋಟಿ. ಬೆಟ್ಟದಿಂದ ಮಂಗಳೂರಿಗೆ 67 ಕಿಲೋಮೀಟರ್ ಕೊಳವೆ ಎಳೆದು ಕೂತ ಹೊತ್ತಿಗೆ ಕೊಳ್ಳುವವನೇ ಕೈಚೆಲ್ಲಿದ್ದ. ಕ್ರಾಂತಿಯೊಂದಕ್ಕೇ ಇಷ್ಟು ಪೆಟ್ಟು. ಕೊಲ್ಲಿಯೇ ಹೊತ್ತಿ ಉರಿದಿದ್ದರೆ ಭಟ್ಕಳ, ಉಡುಪಿ, ಮಂಗಳೂರಿನಿಂದ ಅಲ್ಲಿಗೆ ದುಡಿಯಲು ಹೋಗಿದ್ದವರ ಮನೆಗಳಲ್ಲಿ ಒಲೆ ಆರುತ್ತಿತ್ತು. ಸೀಮೆಎಣ್ಣೆಯ ಕ್ಯೂ ಎಷ್ಟು ಉದ್ದ ಬೆಳೆಯುತ್ತಿತ್ತೋ.

ಹಾಗಾದರೆ ಅವರನ್ನು ಬಿಡಿಸಿದ್ದು ಏನು? ಬಹುಮಟ್ಟಿಗೆ ಬ್ಯಾಂಕಿನ ಲೆಕ್ಕ. ನವೆಂಬರ್ 14ರಂದೇ ಕಾರ್ಟರ್ ಅಮೆರಿಕದ ಹಿಡಿತದಲ್ಲಿದ್ದ ಇರಾನಿನ ಆಸ್ತಿಯನ್ನೆಲ್ಲ ತಡೆಹಿಡಿದಿದ್ದರು. 1980ರ ಸೆಪ್ಟೆಂಬರ್ 22ರಂದು ಇರಾಕ್ ಮೇಲೆಬಿದ್ದಾಗ ಇರಾನಿಗೆ ಆ ಹಣ ಬೇಕೇಬೇಕಾಯಿತು. ಅಲ್ಜೀರಿಯಾ ಮಧ್ಯೆ ನಿಂತು ತಿಂಗಳುಗಟ್ಟಲೆ ಎರಡೂ ಕಡೆಯ ಕಾಗದ ಹೊತ್ತು ಓಡಾಡಿತು. ಕೊನೆಗೆ ಸುಮಾರು 800 ಕೋಟಿ ಡಾಲರ್ ಕೈಬದಲಾಯಿತು. 1981ರ ಜನವರಿ 20ರಂದು ಹೊಸ ಅಧ್ಯಕ್ಷ ರೇಗನ್ ಪ್ರಮಾಣವಚನ ಮುಗಿಸಿದ ಕೆಲವೇ ನಿಮಿಷಗಳಿಗೆ ಬಿಡುಗಡೆ ಜಾರಿಯಾಯಿತು. ಮರುದಿನ ಮಾಜಿ ಅಧ್ಯಕ್ಷರಾಗಿ ಕಾರ್ಟರ್ ಜರ್ಮನಿಯ ವೀಸ್‌ಬಾಡೆನ್ ಆಸ್ಪತ್ರೆಗೆ ಹೋದರು. 52 ಜನರೂ ಅಲ್ಲಿದ್ದರು, 52 ಜನರೂ ಬದುಕಿದ್ದರು.