ಕೀಗೊಂದು ಅಂಗಿ ತೊಡಿಸುವ ಮುನ್ನ

ಕಾರಿನ ರಿಮೋಟ್ ಕೀಗೆ ಕವರ್ ಆರಿಸುವಾಗ ನಮ್ಮ ಕಣ್ಣು ಮೊದಲು ಹೋಗುವುದು ಬಣ್ಣ ಮತ್ತು ಹೊಳಪಿನ ಕಡೆಗೆ. ಆ ಪುಟ್ಟ ಡಬ್ಬಿಯೊಳಗೆ ರೇಡಿಯೋ ಪ್ರೇಷಕವೊಂದು ಕುಳಿತಿದೆ, ನಾವು ಹೊದಿಸುವುದು ಅದರ ಆಂಟೆನಾದ ಮೇಲೆಯೇ ಎಂಬುದು ಆಗ ನೆನಪಿಗೇ ಬರುವುದಿಲ್ಲ.

ಗುಂಡಿ ಒತ್ತಿದಾಗ ಯುರೋಪಿನ ಕಾರುಗಳ ಕೀ ಸಾಮಾನ್ಯವಾಗಿ 433.92 ಮೆಗಾಹರ್ಟ್ಸ್‌ನಲ್ಲಿಯೂ, ಉತ್ತರ ಅಮೆರಿಕದ ಹಲವು ಕಾರುಗಳ ಕೀ 315 ಮೆಗಾಹರ್ಟ್ಸ್‌ನಲ್ಲಿಯೂ ಸಂಕೇತ ಕಳಿಸುತ್ತದೆ. ಮೊದಲನೆಯದರ ತರಂಗಾಂತರ ಸುಮಾರು 69 ಸೆಂಟಿಮೀಟರ್. ಹೆಬ್ಬೆರಳಿನಷ್ಟೇ ಉದ್ದದ ಕೀಯೊಳಗೆ ಅದಕ್ಕೆ ತಕ್ಕ ಆಂಟೆನಾ ಹಿಡಿಸದು. ಹೀಗಾಗಿ ಅಲ್ಲಿರುವುದು ಮೊದಲೇ ದುರ್ಬಲವಾದ, ಪಕ್ಕದಲ್ಲಿ ಲೋಹ ಬಂದರೆ ಶ್ರುತಿ ತಪ್ಪುವ ಆಂಟೆನಾ. ಕೀಯನ್ನು ಜೇಬಿನಲ್ಲೇ ಇಟ್ಟುಕೊಂಡು ಬಾಗಿಲು ತೆರೆಯುವ ವ್ಯವಸ್ಥೆಯಲ್ಲಿ ಇನ್ನೊಂದು ಹಂತವೂ ಉಂಟು. ಕಾರು ಸುಮಾರು 125 ಕಿಲೋಹರ್ಟ್ಸ್‌ನ ಕಾಂತಕ್ಷೇತ್ರವನ್ನು ಒಂದೆರಡು ಮೀಟರ್ ದೂರಕ್ಕೆ ಹರಡುತ್ತದೆ, ಕೀಯೊಳಗಿನ ತಂತಿಸುರುಳಿ ಅದನ್ನು ಗ್ರಹಿಸಿ ಎಚ್ಚೆತ್ತು ಉತ್ತರ ಕೊಡುತ್ತದೆ.

ಲೋಹದ ಕವರ್ ಈ ಎರಡಕ್ಕೂ ಅಡ್ಡಿ. ವಾಹಕದ ಗೂಡೊಂದು ತನ್ನ ಒಳಗನ್ನು ಹೊರಗಿನ ವಿದ್ಯುತ್ ಪ್ರಭಾವದಿಂದ ಮರೆಮಾಡುತ್ತದೆ ಎಂದು ಮೈಕೆಲ್ ಫ್ಯಾರಡೆ 1836ರಲ್ಲಿ ತೋರಿಸಿದ್ದರು. 433 ಮೆಗಾಹರ್ಟ್ಸ್‌ನ ಅಲೆ ಅಲ್ಯೂಮಿನಿಯಮ್ಮಿನಲ್ಲಿ ಸುಮಾರು 4 ಮೈಕ್ರೋಮೀಟರ್ ಆಳಕ್ಕೆ ಇಳಿಯುವಷ್ಟರಲ್ಲೇ ಬಹುಪಾಲು ಸೊರಗುತ್ತದೆ. ಕಾಂತಕ್ಷೇತ್ರವಾದರೆ ಲೋಹದಲ್ಲಿ ಸುಳಿಯಂತೆ ಸುತ್ತುವ ವಿದ್ಯುತ್ ಪ್ರವಾಹಗಳನ್ನು ಹುಟ್ಟಿಸುತ್ತದೆ, ಅವು ತಮ್ಮನ್ನು ಹುಟ್ಟಿಸಿದ ಕ್ಷೇತ್ರವನ್ನೇ ವಿರೋಧಿಸುತ್ತವೆ. ಗುಂಡಿಗಳಿಗೆಂದು ಬಿಟ್ಟ ಕಿಂಡಿಗಳಿಂದ ಒಂದಷ್ಟು ಸಂಕೇತ ನುಸುಳುವುದರಿಂದ ಕೀ ಪೂರ್ತಿ ಮೂಕವಾಗದಿರಬಹುದು, ಆದರೆ ಅದರ ವ್ಯಾಪ್ತಿ ಕುಗ್ಗುತ್ತದೆ. ಕಾರ್ಬನ್ ಫೈಬರ್ ಕೂಡ ವಿದ್ಯುತ್ ವಾಹಕವೇ. ಅದರ ಹೆಣಿಗೆಯ ಚಿತ್ರವನ್ನು ಮುದ್ರಿಸಿದ ಪ್ಲಾಸ್ಟಿಕ್ಕಿಗೆ ಈ ದೋಷವಿಲ್ಲ. ಅಸಲಿಗಿಂತ ನಕಲಿಯೇ ಮೇಲಾಗುವ ಅಪರೂಪದ ಸಂದರ್ಭವಿದು! ಅನುಮಾನವಿದ್ದರೆ ಕವರ್ ಇಲ್ಲದೆ ಒಮ್ಮೆ, ಹಾಕಿ ಇನ್ನೊಮ್ಮೆ, ಗುಂಡಿ ಒತ್ತುತ್ತಾ ಕಾರಿನಿಂದ ಹಿಂದೆ ನಡೆದು ಹೆಜ್ಜೆ ಎಣಿಸಬಹುದು. ನಮ್ಮ ದೇಹವೂ ಅಲೆಗಳನ್ನು ಹೀರುವುದರಿಂದ ಎರಡು ಸಲವೂ ಕೀ ಹಿಡಿಯುವ ರೀತಿ ಒಂದೇ ಆಗಿರಬೇಕು.

ಸಿಲಿಕೋನ್, ಟಿಪಿಯು ಎಂಬ ರಬ್ಬರಿನಂತೆ ಬಾಗುವ ಪ್ಲಾಸ್ಟಿಕ್, ಚರ್ಮ ಇವು ಅಲೆಗಳನ್ನು ಹೆಚ್ಚೂಕಡಿಮೆ ಹಾಗೆಯೇ ಬಿಟ್ಟುಕೊಡುತ್ತವೆ. ಸಿಲಿಕೋನ್ ಮೃದು, ಬಿಸಿಲಿಗೂ ಬಗ್ಗುವುದಿಲ್ಲ; ಆದರೆ ಒಮ್ಮೆ ಸೀಳಿದರೆ ಸೀಳು ಓಡುತ್ತದೆ. ನನ್ನ ಕವರಿನಲ್ಲಿ ಉಂಗುರದ ತೂತಿನ ಬಳಿ ಉಗುರಿನಂಚಿನಷ್ಟಿದ್ದ ಬಿರುಕು ಕೆಲವೇ ವಾರಗಳಲ್ಲಿ ಅಂಚು ಮುಟ್ಟಿತು. ಬಿಚ್ಚಿ ನೋಡಿದರೆ ಒಳಗೆ, ಗುಂಡಿಗಳ ಸುತ್ತ, ಜೇಬಿನ ನೂಲಿನ ಎಳೆ ಮತ್ತು ಮರಳು ಸೇರಿ ಬೂದುಬಣ್ಣದ ಗೆರೆಯೊಂದು ಮೂಡಿತ್ತು. ಗೀರಿನಿಂದ ಕಾಪಾಡಬೇಕಾದ ಕವರೇ ಆ ಮರಳನ್ನು ಕೀಗೆ ಒತ್ತಿ ಉಜ್ಜುತ್ತಿತ್ತು. ಟಿಪಿಯು ಸುಲಭವಾಗಿ ಹರಿಯುವುದಿಲ್ಲ, ಆದರೆ ಅದರ ಪಾರದರ್ಶಕ ಬಗೆ ಬಿಸಿಲಿನ ಅತಿನೇರಳೆ ಕಿರಣಗಳಿಗೆ ಹಳದಿಯಾಗುವುದುಂಟು. ಮೆದು ಪಿವಿಸಿಯನ್ನು ಮಾತ್ರ ನಾನು ಆರಿಸಲಾರೆ. ಅದನ್ನು ಮೆದುವಾಗಿಸಲು ಬೆರೆಸಿದ ರಾಸಾಯನಿಕ ನಿಧಾನವಾಗಿ ಹೊರಬಂದು ಕೀಯ ಪ್ಲಾಸ್ಟಿಕ್ಕನ್ನು ಅಂಟಂಟಾಗಿಸಬಲ್ಲದು. ಚರ್ಮ ನೋಡಲು ಚೆಂದ, ನೆನೆದರೆ ಬೇಗ ಒಣಗದು.

ಅಳತೆಯೂ ಅಷ್ಟೇ ಮುಖ್ಯ. ಕವರ್ ಬಿಗಿಯಾಗಿ ಗುಂಡಿಯನ್ನು ಸದಾ ಒತ್ತುತ್ತಿದ್ದರೆ ಒಳಗಿನ 3 ವೋಲ್ಟ್ ನಾಣ್ಯದಾಕಾರದ ಬ್ಯಾಟರಿ ಸುಮ್ಮನೆ ಖರ್ಚಾಗುತ್ತದೆ. ಆ ಬ್ಯಾಟರಿ ಸತ್ತಾಗಲೂ ಹಲವು ಕಾರುಗಳಲ್ಲಿ ಕೀಯನ್ನು ಸ್ಟಾರ್ಟ್ ಬಟನ್ನಿಗೆ ತಾಗಿಸಿ ಹಿಡಿದರೆ ಎಂಜಿನ್ ಚಾಲೂ ಆಗುತ್ತದೆ, ಏಕೆಂದರೆ ಕೀಯೊಳಗಿನ ಚಿಪ್ ಆಗ ಕಾರಿನ ಕಾಂತಕ್ಷೇತ್ರದಿಂದಲೇ ಶಕ್ತಿ ಪಡೆಯುತ್ತದೆ. ಆದರೆ ಅದಕ್ಕೂ ಮೊದಲು ಬಾಗಿಲು ತೆರೆಯಬೇಕು, ಬಾಗಿಲಿಗೆ ಬೇಕಾದ ಲೋಹದ ಕೀಲಿ ಕವರಿನ ಕೆಳಗೆ ಅಡಗಿರುತ್ತದೆ. ಉಗುರು ಹಾಕಿ ಎಳೆದರೆ ಬಿಚ್ಚಿಕೊಳ್ಳುವ ಕವರ್ ಆಗ ಕೆಲಸಕ್ಕೆ ಬರುತ್ತದೆ. ನಾಲ್ಕು ಸ್ಕ್ರೂ ಬಿಗಿದ ಲೋಹದ ಕವರನ್ನು ಬಿಚ್ಚುವ ಸ್ಕ್ರೂಡ್ರೈವರ್ ಸಾಮಾನ್ಯವಾಗಿ ಕಾರಿನ ಒಳಗಿರುತ್ತದೆ.