ಸೊನ್ನೆ ಹಾಕುವ ಮುನ್ನ: ಎರಡನೇ ತರಗತಿಯ ಓದು ಮತ್ತು ಉಕ್ತಲೇಖನ

ಡಿ.ಎಲ್.ಇಡಿ (ಪ್ರಾಥಮಿಕ ಶಾಲಾ ಶಿಕ್ಷಕರ ತರಬೇತಿ) ಇಂಟರ್ನ್‌ಶಿಪ್‌ನಲ್ಲಿ ಎರಡನೇ ತರಗತಿಯ ಮಕ್ಕಳ ಓದು, ಬರಹ ಎರಡನ್ನೂ ಪರೀಕ್ಷಿಸಿ ದಾಖಲೆ ಮಾಡಬೇಕಿತ್ತು. ನಿನ್ನೆಯಷ್ಟೇ ಮುಗಿಯಿತು. ತಲೆಯಲ್ಲಿ ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ನಿಮಗೂ ಇದೇ ಕೆಲಸ ಬಂದರೆ ಉಪಯೋಗವಾಗಲಿ.

ಓದು

ಓದಿಗೆ ಅಸರ್ ಮಾದರಿಯನ್ನು ಹಿಡಿದೆ. ಮಕ್ಕಳಿಗೆ ಓದು, ಲೆಕ್ಕ ಎಷ್ಟು ಬರುತ್ತದೆ ಅಂತ 2005ರಿಂದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಾಡುವ ಸಮೀಕ್ಷೆ ಅದು. ಮೆಟ್ಟಿಲು ನಾಲ್ಕು: ಅಕ್ಷರ, ಪದ, ಪ್ಯಾರಾ, ಕಥೆ. ಶುರು ಮಾಡುವುದು ಅಕ್ಷರದಿಂದಲ್ಲ, ಪ್ಯಾರಾದಿಂದ. ತಪ್ಪು ಮೂರನ್ನು ದಾಟದೆ, ವಾಕ್ಯದ ಓಟದಲ್ಲಿ ಓದಿದರೆ ಕಥೆ ಕೊಡಿ. ಆಗದಿದ್ದರೆ ಪದಕ್ಕೆ ಇಳಿಯಿರಿ, ಐದರಲ್ಲಿ ನಾಲ್ಕು ಸರಿ ಇರಬೇಕು. ಅದೂ ಆಗದಿದ್ದರೆ ಅಕ್ಷರ, ಅಲ್ಲೂ ಐದಕ್ಕೆ ನಾಲ್ಕು. ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಓದಿಸಿ. ಇಲ್ಲದಿದ್ದರೆ ಮೂರನೇ ಮಗುವಿನ ಹೊತ್ತಿಗೆ ಪ್ಯಾರಾ ಎಲ್ಲರಿಗೂ ಬಾಯಿಪಾಠವಾಗಿರುತ್ತದೆ.

ಮಗು "ಗಣಿ... ಅಲ್ಲ, ಗಿಣಿ" ಎಂದು ತಾನೇ ತಿದ್ದಿಕೊಂಡರೆ ನಾನು ತಪ್ಪು ಎಣಿಸಲಿಲ್ಲ. ಅರ್ಥ ಹಿಡಿದು ಓದುತ್ತಿದೆ ಅಂತಲೇ ತಾನೇ ಅದು?

ವೇಗದ ವಿಷಯ. ಚಿಕ್ಕ ತರಗತಿಗಳ ಓದು, ಬರಹ, ಲೆಕ್ಕಕ್ಕಾಗಿ ಕೇಂದ್ರ ಸರ್ಕಾರ ತಂದ ನಿಪುಣ್ ಭಾರತ್ ಯೋಜನೆಯಲ್ಲಿ ಎರಡನೇ ತರಗತಿಗೆ ಇಟ್ಟ ಗುರಿ ನಿಮಿಷಕ್ಕೆ 45ರಿಂದ 60 ಪದ. ಆದರೆ ನಮ್ಮಲ್ಲಿ "ಮನೆಯಲ್ಲಿದ್ದವರೆಲ್ಲ" ಅನ್ನುವುದೂ ಒಂದೇ ಪದ, "ಹಸು" ಕೂಡ ಒಂದೇ ಪದ. ಹಾಗಾಗಿ ಸಂಖ್ಯೆಯ ಪಕ್ಕದಲ್ಲಿ ಯಾವ ಪ್ಯಾರಾ ಓದಿಸಿದೆ ಅಂತಲೂ ಬರೆದಿಟ್ಟೆ.

ಉಕ್ತಲೇಖನ: ನಾನು ಸಿಕ್ಕಿಹಾಕಿಕೊಂಡ ಜಾಗ

ಹತ್ತು ಪದ ಹೇಳಿದೆ. ಪದ ಸರಿ ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಮೊದಲು ಮಾಡಿದ್ದು ಅಷ್ಟೇ. "ಪುಸ್ತಕ" ಅಂದಾಗ ಒಬ್ಬಳು ಪುಸತಕ ಬರೆದಳು. ಇನ್ನೊಬ್ಬ ಪುತ್ತಕ. ಮತ್ತೊಬ್ಬ ಪಸಕ. ಮೂವರಿಗೂ ಸೊನ್ನೆ ಹಾಕಿದೆ. ತರಗತಿಯ ಟೀಚರ್ ಹಾಳೆ ನೋಡಿ, "ಮೂರೂ ಒಂದೇ ತಪ್ಪಾ ಮಿಸ್?" ಅಂತ ಕೇಳಿದರು. ಅಲ್ಲಿಂದ ಪೂರ್ತಿ ಹಾಳೆಯನ್ನು ಮತ್ತೆ ತಿದ್ದಿದೆ.

ಅಕ್ಷರ ಎಣಿಸೋಣ ಅಂದುಕೊಂಡೆ. ಪು, ಸ್ತ, ಕ, ಮೂರು ಅಕ್ಷರ. ಆದರೆ ಸ್ತ ಬರೆಯುವಲ್ಲಿ ಸ ಸರಿಯಿದ್ದು ಒತ್ತು ಬಿಟ್ಟರೆ? ಅರ್ಧ ಅಂಕವಾ? ಇಲ್ಲೇ ತುಂಬಾ ಹೊತ್ತು ನಿಂತುಬಿಟ್ಟೆ. ಕೊನೆಗೆ ಅಕ್ಷರವನ್ನೂ ಬಿಡಿಸಿದೆ. ಮಗುವಿನ ಕೈ ಒಂದೊಂದಾಗಿ ಏನೇನು ಬರೆಯಬೇಕು? ಪ, ಅದರ ಕೊಂಬು, ಸ, ತ ಒತ್ತು, ಕ. ಒಟ್ಟು ಐದು ತುಂಡು. ಈಗ ನೋಡಿ:

ಪುಸತಕ: ಒತ್ತು ಮಾತ್ರ ಇಲ್ಲ. ಐದಕ್ಕೆ ನಾಲ್ಕು. ತ ಕೇಳಿಸಿದೆ, ಅದನ್ನು ಕೆಳಗೆ ಹಾಕಬೇಕು ಅಂತ ಗೊತ್ತಿಲ್ಲ.

ಪುತ್ತಕ: ಒತ್ತು ಹಾಕಲು ಬರುತ್ತದೆ. ಸ ಹೋಗಿ ತ ಬಂದಿದೆ. ಇದೂ ಐದಕ್ಕೆ ನಾಲ್ಕು.

ಪಸಕ: ಕೊಂಬು, ಒತ್ತು ಎರಡೂ ಇಲ್ಲ. ಐದಕ್ಕೆ ಮೂರು.

ಮೊದಲ ಎರಡಕ್ಕೂ ಅಂಕ ಒಂದೇ, ಕಾರಣ ಬೇರೆ. ಅದಕ್ಕೆ ಅಂಕದ ಪಕ್ಕ "ಕಿವಿ" (ಶಬ್ದವನ್ನೇ ಬೇರೆ ಥರ ಹಿಡಿದಿದೆ) ಅಥವಾ "ಕೈ" (ಶಬ್ದ ಸರಿ, ಬರೆಯುವುದು ಗೊತ್ತಿಲ್ಲ) ಅಂತ ಬರೆಯಲು ಶುರು ಮಾಡಿದೆ. ಯಾವುದು ಅಂತ ತಿಳಿಯುವುದು ಹೇಗೆ? ಇದು ನನಗೆ ತುಂಬಾ ಇಷ್ಟವಾದ ದಾರಿ: ಬರೆದದ್ದನ್ನು ಅವರಿಂದಲೇ ಓದಿಸಿ. "ನೀನು ಬರೆದದ್ದು ಓದು ಪುಟ್ಟಿ" ಅಂದೆ. ಅವಳು ಪುಸತಕ ಅಂತ ಇರುವುದನ್ನು "ಪುಸ್ತಕ" ಅಂತಲೇ ಓದಿದಳು. ಬಾಯಲ್ಲಿ ಸರಿ ಇದೆ, ಹಾಗಾಗಿ ಕೈ. ಪುತ್ತಕ ಬರೆದವನು "ಪುತ್ತಕ" ಎಂದೇ ಓದಿದ. ಪುಸ್ತಕ ತೋರಿಸಿ ಇದೇನು ಅಂದರೂ "ಪುತ್ತಕ" ಅಂದ. ಹಾಗಾಗಿ ಕಿವಿ. ಅವಳಿಗೆ ಮೊದಲು ಅದೇ ಅಕ್ಷರದ ಒತ್ತಿರುವ ಅಕ್ಕ, ಎತ್ತು, ಬೆಲ್ಲ ಬರೆಸಿ, ಆಮೇಲೆ ಪುಸ್ತಕ, ಚಂದ್ರದ ಕಡೆ ಹೋಗಬೇಕು. ಪುತ್ತಕ ಅಂದವನಿಗೆ ಮೊದಲು ಶಬ್ದ ಕೇಳಿ ಹೇಳುವ ಬಾಯಿ ಆಟ, ಬರಹ ಆಮೇಲೆ.

ಸೂರ್ಯ ಬರೆಯುವಾಗ ಒಬ್ಬ ಅರ್ಕಾವತ್ತನ್ನು ಸೂ ಆದ ಕೂಡಲೇ, ಯ ಬರೆಯುವ ಮುಂಚೆಯೇ ಹಾಕಿದ್ದ. ಬಾಯಲ್ಲಿ ರ್ ಬರುವುದು ಅಲ್ಲೇ ಅಲ್ವಾ? ಕೇಳಿದ ಜಾಗದಲ್ಲೇ ಬರೆದಿದ್ದಾನೆ. ಇಂಥ ತಪ್ಪಿಗೆ ಕೆಂಪು ಗೀಟು ಹಾಕಲು ಮನಸ್ಸು ಬರಲಿಲ್ಲ.

ಹ, ಅ

ಒಬ್ಬ ಹುಡುಗ ಹಣ್ಣಿಗೆ ಅಣ್ಣು ಬರೆದ. ಅವರ ಮನೆಯಲ್ಲಿ ಹಾಲು ಆಲು, ಹೂವು ಊವು. ಓದುವಾಗ ಅವನು "ಅಣ್ಣು" ಅಂದರೆ ತಪ್ಪು ಎಣಿಸಲಿಲ್ಲ. ಅದು ಅವನ ಮನೆಮಾತು. ಬರಹದಲ್ಲಿ ಮಾತ್ರ ಗುರುತು ಹಾಕಿಕೊಂಡೆ: ನಾಲ್ಕು ತುಂಡಿನಲ್ಲಿ ಮೂರು ಸರಿ, ಣ ಒತ್ತು ಚೆಂದ ಹಾಕಿದ್ದಾನೆ, ಉಳಿದದ್ದು ಹ, ಅದು ಕಿವಿ.

ಆಮೇಲೆ ಅವನ ಅಂಗೈಯನ್ನು ಅವನ ಬಾಯಿ ಮುಂದೆ ಹಿಡಿಸಿ, ಮೊದಲು ಅ, ಆಮೇಲೆ ಹ ಅನ್ನಿಸಿದೆ. ಎರಡು ಸಲ ಸುಮ್ನೆ ನೋಡಿದ. ಮೂರನೇ ಸಲ "ಮಿಸ್, ಗಾಳಿ ಬಂತು!" ಅಂದ. ಗೋಡೆಯ ಚಾರ್ಟ್ ಹತ್ತಿರ ಹೋಗಿ ಹಸು, ಹಾವು, ಹೂವು ಅಂತ ಒಂದೊಂದಕ್ಕೂ ಅಂಗೈ ಹಿಡಿದು ನೋಡುತ್ತಾ ನಿಂತ. ಬೆಲ್ ಹೊಡೆದರೂ ಅಲ್ಲೇ ಇದ್ದ.